‘ಎ’ ಅಂದರೆ ಆರನೆಯದು

ಜುಲೈ 8, 2025

ಬೆಳಿಗ್ಗೆ ಹಳೇಬೀಡಿನ ದೇವಸ್ಥಾನ ತೋರಿಸಲು ಎರಡು ಗುಂಪು. ಮೊದಲನೆಯವರಿಗೆ ನಂದಿಯ ಮುಂದೆ ಫೋಟೊ ಸಾಕಾಗಿತ್ತು, ಕಥೆ ಬೇಡ. ಎರಡನೆಯದು ಶಾಲೆಯ ಮಕ್ಕಳು. ಗಂಟಲು ಹೋಯಿತು.

ಊಟದ ಹೊತ್ತಿಗೆ ನಟರಾಜ್ ಅವರ ಫೋನ್, ಬೇಲೂರಿನಿಂದ. ನಮ್ಮ ಗೈಡ್‌ಗಳ ಸಂಘದ ಅಧ್ಯಕ್ಷರು. ಬೇಲೂರು, ಹಳೇಬೀಡು ಎರಡೂ ಕಡೆಯ ಗೈಡ್‌ಗಳಿಗೆ, ಮನೆಯವರನ್ನೂ ಸೇರಿಸಿ, ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಮಾಡಿಸುತ್ತಾರಂತೆ. ಸ್ಥಿರಭಾರತ್ ಅಂತ ಕಂಪನಿ. ಪ್ರೀಮಿಯಂ ಬೇರೆಯವರಿಗಿಂತ ಬಹಳ ಕಡಿಮೆ.

"ನೀವು ಬಿ.ಕಾಂ. ಓದಿದೋರು ಮೇಧಿನಿ, ಕಾಗದ ಒಂದ್ಸಲ ನೋಡಿ. ಏಜೆಂಟು ಅರಸೀಕೆರೆಯೋರು. ನಿಮಗೆ ಗೊತ್ತಿರೋರೇ..." ಅಂದು ಫೋನ್ ಇಟ್ಟರು.

ಶಶಿಕಿರಣ್. ವಿಚ್ಛೇದನವಾಗಿ ಮೂರು ವರ್ಷ. ಈ ಹೆಸರು ಇನ್ನು ಬರೆಯುವುದಿಲ್ಲ ಅಂದುಕೊಂಡಿದ್ದೆ. ಬರೆದೆ.

ನೋಡುತ್ತೇನೆ. ಚೆನ್ನಾಗಿಯೇ ನೋಡುತ್ತೇನೆ.

ಜುಲೈ 10

ಬ್ರೋಷರ್ ಬಂತು. ಕೆಂಪು ರಟ್ಟು, ನಗುವ ಕುಟುಂಬ, ಮೂಲೆಯಲ್ಲಿ ದಪ್ಪಗೆ — ‘ಎ’ ರೇಟಿಂಗ್. ಪಕ್ಕದಲ್ಲಿ ಅವನ ಕೈಬರಹ: ಫಸ್ಟ್ ಕ್ಲಾಸ್ ಕಂಪನಿ. ಆ ಅಕ್ಷರ ಕಂಡರೆ ಈಗಲೂ ಸಿಟ್ಟು ಬರುತ್ತದೆ.

ರೇಟಿಂಗ್ ಕೊಟ್ಟ ಏಜೆನ್ಸಿಯ ವೆಬ್‌ಸೈಟ್ ತೆರೆದೆ. ಟಿಕೆಟ್ ಕೌಂಟರ್ ಹಿಂದಿನ ನೆರಳಲ್ಲಿ ಕೂತು ಫೋನಿನಲ್ಲೇ ಓದಿದೆ. ಇದು ಶಾಲೆಯ ಗ್ರೇಡ್ ಅಲ್ಲ. ಎಲ್ಲಕ್ಕಿಂತ ಮೇಲೆ ಟ್ರಿಪಲ್ ಎ. ಕೆಳಗೆ ಡಬಲ್ ಎ — ಅದರಲ್ಲೇ ಪ್ಲಸ್, ಬರೀದು, ಮೈನಸ್. ಆಮೇಲೆ ಎ ಪ್ಲಸ್. ಆಮೇಲೆ ಬರೀ ಎ. ಅಂದರೆ ಆರನೆಯದು. ಫಸ್ಟ್ ಕ್ಲಾಸಂತೆ!

ಇನ್ನೊಂದು ತಿಳಿಯಿತು. ಕ್ಲೇಮ್ ಬಂದಾಗ ದುಡ್ಡು ಕೊಡುವ ತಾಕತ್ತು ಕಂಪನಿಗೆ ಎಷ್ಟಿದೆ ಅನ್ನುವುದಷ್ಟೇ ಈ ರೇಟಿಂಗ್. ಕೊಡುವ ಮನಸ್ಸಿದೆಯಾ ಅಂತ ಅಲ್ಲ. ಅದೂ ಒಂದು ಅಭಿಪ್ರಾಯ, ಗ್ಯಾರಂಟಿ ಅಲ್ಲ. ಅಭಿಪ್ರಾಯಕ್ಕೆ ಫೀಸು ಕೊಡುವುದೂ ಅದೇ ಕಂಪನಿ.

ಜುಲೈ 11

ಸಿಕ್ಕಿತು. ಬ್ರೋಷರ್‌ನ ‘ಎ’ 2023ರದ್ದು. ಆಮೇಲೆ ಎರಡು ಸಲ ಇಳಿಸಿದ್ದಾರೆ. ಈಗ ಟ್ರಿಪಲ್ ಬಿ ಪ್ಲಸ್, ‘ಎ’ಗಿಂತ ಎರಡು ಮೆಟ್ಟಿಲು ಕೆಳಗೆ. ಪಕ್ಕದಲ್ಲಿ ‘ನೆಗೆಟಿವ್’ ಅಂತ — ಇನ್ನೂ ಇಳಿಯಬಹುದು ಎಂಬ ಎಚ್ಚರಿಕೆ. ಕಾರಣವನ್ನೂ ಬರೆದಿದ್ದಾರೆ. ಗಿರಾಕಿ ಹಿಡಿಯಲು ಪ್ರೀಮಿಯಂ ಇಳಿಸಿ ಇಳಿಸಿ ನಷ್ಟ. ಇಂತಿಷ್ಟು ಬಂಡವಾಳ ಕೈಯಲ್ಲಿರಲೇಬೇಕು ಎಂದು ನಿಯಮ ಹೇಳುತ್ತದೆ, ಇವರದು ಆ ಗೆರೆಗೆ ಕೂದಲೆಳೆಯಷ್ಟು ಮೇಲೆ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ? ಕುಣಿಯುವಷ್ಟು ಖುಷಿ.

ಜುಲೈ 22, ಸಂಜೆ

ಬೇಲೂರಿನ ಛತ್ರದಲ್ಲಿ ಸಭೆ. ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ನನ್ನ ಕಡೆ ನೋಡಲಿಲ್ಲ. ಚೆನ್ನಾಗಿ ಮಾತಾಡಿದ, ಎಲ್ಲರೂ ತಲೆಯಾಡಿಸಿದರು. ಎದ್ದೆ.

"ಶಶಿಕಿರಣ್ ಅವರೇ, ಈ ‘ಎ’ ಯಾವ ವರ್ಷದ್ದು?"

"ಅದು... ಕಂಪನಿಯವರು ಕೊಟ್ಟಿದ್ದು ಮೇಡಂ."

"ಈಗ ಎಷ್ಟಾಗಿದೆ ಗೊತ್ತಾ?"

ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಎಲ್ಲವನ್ನೂ ಓದಿ ಹೇಳಿದೆ, ನಿಧಾನವಾಗಿ, ಒಂದೊಂದೇ. ಕಿವಿ ಕೆಂಪಾಯಿತು ಅವನಿಗೆ.

"ಮನೆ ಸಿಟ್ಟು ಇಲ್ಲಿ ತೀರಿಸ್ಕೋತಿದಾರೆ," ನಟರಾಜ್ ಕಡೆ ತಿರುಗಿ ಅಂದ. "ಕಂಪನಿ ಗಟ್ಟಿಯಾಗೇ ಇದೆ ಸಾರ್."

"ಅಷ್ಟು ಗಟ್ಟಿ ಇದ್ರೆ ನಿಮ್ಮ ತಾಯಿ ಪಾಲಿಸಿ ಯಾಕೆ ಬೇರೆ ಕಂಪನಿಲಿದೆ? ಮೊದ್ಲು ಅವರನ್ನ ಇಲ್ಲಿಗೆ ತನ್ನಿ. ಆಮೇಲೆ ನಾವು ಬರ್ತೀವಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ. ಅವನ ಕಂಪನಿ ಬೇಡ ಎಂದು ತೀರ್ಮಾನವಾಯಿತು.

ಹೊರಗೆ ಬೈಕಿನ ಹತ್ತಿರ ನಿಂತಿದ್ದ. "ತೋರಿಸ್ತೀನಿ ನೋಡ್ತಿರು," ಅಂದ. ಹೋಗೋ, ಅಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಸೆಪ್ಟೆಂಬರ್ 3

ಅತ್ತೆಯ ಫೋನ್. ಕಮಲಾಕ್ಷಮ್ಮ ಎಂದು ಬರೆಯಬೇಕು ಈಗ, ಕೈ ಬರುವುದಿಲ್ಲ. ಮಗನಿಗೆ ತಿಳಿಯದ ಹಾಗೆ ತಿಂಗಳಿಗೊಮ್ಮೆ ಮಾಡುತ್ತಾರೆ. ಕೊಬ್ಬರಿ ರೇಟು, ಮಂಡಿನೋವು, ಉಂಡಿಯಾ, ಒಬ್ಬಳೇ ಮಲಗ್ತೀಯಾ — ಎಲ್ಲ ಆದ ಮೇಲೆ ಹೇಳಿದರು:

"ನನ್ನ ಹಳೇ ಪಾಲಿಸಿ ಬದ್ಲಾಯಿಸ್ತಾನಂತೆ. ಸೈನ್ ಹಾಕ್ಸ್ಕಂಡ. ಕೆಂಪು ಪುಸ್ತಕದ್ದು ಯಾವ್ದೋ ಕಂಪನಿ. ನೀನೇನೋ ಸಭೇಲಿ ಅಂದ್ಯಂತೆ? ಅವತ್ತಿಂದ ಉರ್ಕಂಡು ಓಡಾಡ್ತಾನೆ ಕಣೇ. ಚೆನ್ನಾಗೈತಾ ಆ ಕಂಪನಿ?"

ಹಳೇ ಪಾಲಿಸಿ ಮುಗಿಯುವುದು ಅಕ್ಟೋಬರ್ ಕೊನೆಗೆ. ಇನ್ನೂ ತಡೆಯಬಹುದು. ಒಂದು ಮಾತು ಸಾಕು.

"ನಿಮ್ಮ ಮಗನ್ನೇ ಕೇಳಿ ಅತ್ತೆ. ಅವರಿಗೆ ಎಲ್ಲಾ ಗೊತ್ತು," ಅಂದೆ.

ಮಾಡಿಕೊಳ್ಳಲಿ. ನನ್ನ ಮೇಲಿನ ಹಟಕ್ಕೆ ಹೋಗಿ ತಾನೇ ಹಳ್ಳಕ್ಕೆ ಬೀಳಲಿ.

ಜನವರಿ 19, 2026

ಸ್ಥಿರಭಾರತ್ ಇನ್ನು ಹೊಸ ಪಾಲಿಸಿ ಮಾರುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶವಾಗಿದೆ. ಪೇಪರಿನ ಒಳಪುಟದಲ್ಲಿ ಸಣ್ಣ ಸುದ್ದಿ. ನಟರಾಜ್ ಇಲ್ಲೇ ಪಕ್ಕದ ಬಸ್ತಿಹಳ್ಳಿಯ ಬಸದಿಗಳಿಗೆ ಗುಂಪು ಕರೆದುಕೊಂಡು ಬಂದವರು ನನ್ನನ್ನು ಹುಡುಕಿಕೊಂಡು ಬಂದರು. "ಸಂಘ ಉಳೀತು ಮೇಡಂ ನಿಮ್ಮಿಂದ," ಅಂದರು, ಎಲ್ಲರ ಎದುರಿಗೆ.

ದಿನವಿಡೀ ಎದೆಯುಬ್ಬಿಸಿಕೊಂಡೇ ಕಥೆ ಹೇಳಿದೆ.

ಸಂಜೆ ಅತ್ತೆಯ ನೆನಪಾಯಿತು, ಅವರ ಪಾಲಿಸಿ ಈಗ ಅದೇ ಕಂಪನಿಯಲ್ಲಿ. ಇರಲಿ. ಅವರಿಗೇನೂ ಆಗಿಲ್ಲವಲ್ಲ.

ಫೆಬ್ರವರಿ 6

ಅವನೇ ಫೋನ್ ಮಾಡಿದ. ಮೂರು ವರ್ಷದಲ್ಲಿ ಮೊದಲ ಸಲ.

"ಅಮ್ಮ ಜಾರಿ ಬಿದ್ಲು. ಸೊಂಟದ ಮೂಳೆ. ಹಾಸನಕ್ಕೆ ತಂದಿದೀನಿ."

"ಆಪರೇಷನ್ನು?"

"ಕ್ಯಾಶ್‌ಲೆಸ್ ಇಲ್ಲ ಅಂತಾರೆ. ಆ ಕಂಪನಿದು ತಗೊಳಲ್ವಂತೆ, ದುಡ್ಡು ಬರಲ್ವಂತೆ. ಮೊದ್ಲು ಕೈಯಿಂದ ಕಟ್ಬೇಕು. ದುಡ್ಡು ನಿನ್ನ ಕೇಳ್ತಿಲ್ಲ. ಕಟ್ತೀನಿ. ಅವಳು ನಿನ್ನ ಕೇಳ್ತಿದಾಳೆ, ಅದಕ್ಕೆ ಮಾಡ್ದೆ."

ಇಟ್ಟುಬಿಟ್ಟ.

ಫೆಬ್ರವರಿ 7

ಬೆಳಿಗ್ಗೆಯ ಗುಂಪು ಬೇರೆಯವರಿಗೆ ಕೊಟ್ಟು ಹೋದೆ. ನರ್ಸಿಂಗ್ ಹೋಮ್ ಕಾರಿಡಾರಿನಲ್ಲೇ ಅಡ್ಡ ಬಂದ. ಗಡ್ಡ ಬಿಟ್ಟಿದ್ದ.

"ಖುಷಿನಾ?"

"ನಾನು ಮಾಡ್ಸಿದ್ನಾ ಪಾಲಿಸಿ?"

"ನೀನು ಅಷ್ಟು ಜನರ ಮುಂದೆ ಆ ಮಾತು ಅನ್ನದೇ ಇದ್ದಿದ್ರೆ ಅವಳ ಹಳೇ ಪಾಲಿಸಿ ಹಾಗೇ ಇರ್ತಿತ್ತು."

"ಅಂದೆ. ತಾಯಿನ ಪಣಕ್ಕಿಡು ಅಂದಿರ್ಲಿಲ್ಲ."

"ಟ್ರೈನಿಂಗಲ್ಲಿ ‘ಎ’ ಅಂದ್ರೆ ಮೊದಲ್ನೇದು ಅಂತಾನೇ ಹೇಳಿದ್ರು ಕಣೇ. ನಾನು ನಂಬಿದ್ದೆ."

"ನಾನು ಓದಿ ಹೇಳ್ದೆನಲ್ಲ. ಕಿವಿ ಇರ್ಲಿಲ್ವಾ?"

"ನೀನು ಹೇಳಿದ್ದಕ್ಕೇ ನಂಬ್ಲಿಲ್ಲ," ಅಂದ.

ದನಿ ಏರಿತ್ತು. ನರ್ಸ್ ಬಂದು ಬೈದಳು. ಇಬ್ಬರೂ ಒಳಗೆ ಹೋದೆವು. ಅತ್ತೆ ಎಷ್ಟು ಕುಗ್ಗಿಹೋಗಿದ್ದಾರೆ ಮಂಚದ ಮೇಲೆ. ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ.

"ಕೇಳುಸ್ತು, ಎಲ್ಲಾ," ಅಂದರು. "ಅವನಿಗೆ ಗೊತ್ತಿರ್ಲಿಲ್ಲ, ಬಿಡು. ನಿಂಗೆ ಗೊತ್ತಿತ್ತು. ನಾನು ಫೋನ್ ಮಾಡಿ ಕೇಳ್ದಾಗ ಗೊತ್ತಿತ್ತಾ?"

ಅವನು ನನ್ನ ಮುಖ ನೋಡಿದ. ಅಮ್ಮ ಫೋನ್ ಮಾಡುತ್ತಿದ್ದರು ಎನ್ನುವುದೇ ಅವನಿಗೆ ಹೊಸದು.

"ಗೊತ್ತಿತ್ತು ಅತ್ತೆ."

ಮೆಲ್ಲಗೆ ಕೈ ಎಳೆದುಕೊಂಡರು. ಗೋಡೆಯ ಕಡೆ ಮುಖ ತಿರುಗಿಸಿದರು.

"ಹೊರಗೋಗಿ. ಇಬ್ರೂ."

ಫೆಬ್ರವರಿ 9

ಆಪರೇಷನ್ ಆಯಿತಂತೆ. ನರ್ಸಿಂಗ್ ಹೋಮಿಗೆ ಫೋನ್ ಮಾಡಿ ತಿಳಿದುಕೊಂಡೆ. ಅತ್ತೆ ನನ್ನ ಫೋನ್ ಎತ್ತುವುದಿಲ್ಲ.

ಫೆಬ್ರವರಿ 13, ಮಧ್ಯಾಹ್ನ

ಹೊಸ ಪಾಲಿಸಿ ಮಾರಬಾರದು ಅಂದರೆ ಹಳೆಯದಕ್ಕೆ ಕೊಡಬೇಕಿಲ್ಲ ಅಂತಲ್ಲ. ಕೊಡಲೇಬೇಕು. ತಡವಾಗುತ್ತದೆ, ಬೆನ್ನು ಹತ್ತಬೇಕು. ಕಂಪನಿಗೆ ದೂರು ಬರೆದಿದ್ದೇನೆ. ಅವರು ಉತ್ತರ ಕೊಡದಿದ್ದರೆ ಇನ್ಶೂರೆನ್ಸ್ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ. ಪಾಲಿಸಿ ನಂಬರ್ ಬೇಕಿತ್ತು. ಅವನಿಗೆ ಫೋನ್ ಮಾಡಿದೆ.

"ನಂಬರ್ ಹೇಳು. ಬೇರೆ ಮಾತು ಬೇಡ."

ಹೇಳಿದ. ಬರೆದುಕೊಂಡೆ. ಹಿಂದೆ ಅತ್ತೆಯ ಕೆಮ್ಮು ಕೇಳಿಸಿತು.

"ಅವರಿಗೆ ಕೊಡು."

"ಬೇಡ ಅಂತಾಳೆ."

"ಕೊಡೋ."

ಫೋನ್ ಕೈ ಬದಲಾದ ಸದ್ದು. ಉಸಿರು.

"ಅತ್ತೆ, ನಾನು."

"ಗೊತ್ತಾಯ್ತು. ದೂರು-ಗೀರು ಆಮೇಲಾಗ್ಲಿ. ಅವತ್ತು ಯಾಕೆ ಹೇಳ್ಲಿಲ್ಲ, ಅಷ್ಟು ಹೇಳು."

ಸುಳ್ಳು ಸಿದ್ಧವಾಗಿತ್ತು. ಮರೆತಿದ್ದೆ ಅನ್ನಬಹುದಿತ್ತು.

"ನಿಮ್ಮ ಮಗ ಸೋಲ್ಬೇಕಿತ್ತು ಅತ್ತೆ," ಅಂದೆ. "ನೀವು ನಡುವೆ ಇದೀರಿ ಅಂತ ಗೊತ್ತಿದ್ದೂ ನಾನು ಬೇಕಂತಲೇ ಹೇಳ್ಲಿಲ್ಲ."