ಈ ಜಿಲ್ಲೆಗೆ ಎಷ್ಟು ಅಂಕ?

ಫೆಬ್ರವರಿ 3, ಬೆಳಿಗ್ಗೆ

‘ತನ್ನ ನೀರ ತಾ ಸೇದಿ ಕುಡಿದವಗೆ ದಾಹವಿಲ್ಲ’ — ಎಲ್ಲಿ ಓದಿದ್ದು? ದಾಹವೋ, ದೈನ್ಯವೋ? ಯಾರು ಬರೆದಿದ್ದರೂ ಒಂದು ಮಾತು ಖಚಿತ. ಅವರ ಮನೆಯಲ್ಲಿ ನೀರು ಸೇದುತ್ತಿದ್ದವರು ಬೇರೆ ಯಾರೋ. ನನಗಂತೂ ಅಂಗೈ ಉರಿ. ದಾಹವೂ ಇದೆ.

ಇವತ್ತು ಬಕೆಟ್ ಬಾವಿಗೆ ಬಿತ್ತು. ಬೀಳಿಸಿದವರು ಇವರು. ವಿಡಿಯೋ ನೋಡಿ ಹಾಕಿದ ಗಂಟು. ವಿಡಿಯೋದಲ್ಲಿ ಬಿಚ್ಚಿರಲಿಲ್ಲ.

ವಿಮೆ ಕಂಪನಿಯಲ್ಲಿ ನಷ್ಟ ಅಳೆಯುವ ಕೆಲಸ ಮಾಡಿದವರು. ಸುಟ್ಟ ಗೋದಾಮು, ಕುಸಿದ ಗೋಡೆ ನೋಡಿ ನೋಡಿ, ನಿವೃತ್ತಿಯ ನಂತರ ಲೋಕವೇ ಇನ್ನೇನು ಕುಸಿಯಲಿದೆ ಎಂಬ ನಂಬಿಕೆ. ಕುಸಿದ ದಿನ ಯಾರ ಹಂಗೂ ಇಲ್ಲದೆ ಬದುಕಲು ಒಂದು ಜಿಲ್ಲೆ ಬೇಕು. ಈ ಜಿಲ್ಲೆಗೆ ಒಂದು ತಿಂಗಳ ಪರೀಕ್ಷೆ. ಬಾಡಿಗೆ ಮನೆ, ಹಿತ್ತಲಲ್ಲಿ ಬಾವಿ. ನಾನು ಪಾಠ ಹೇಳುವ ಕಾಲೇಜಿಗೆ ರಜೆ ಹಾಕಿ ಬಂದಿದ್ದೇನೆ. ನಿಯಮ: ಕೊಳ್ಳುವಂತಿಲ್ಲ, ಕೇಳುವಂತಿಲ್ಲ, ಕೊಟ್ಟರೆ ತೆಗೆದುಕೊಳ್ಳುವಂತಿಲ್ಲ.

ನೀರು, ಮಣ್ಣು, ಸೌದೆ, ಬಿಸಿಲು — ಎಲ್ಲಕ್ಕೂ ಅಂಕ. ನೂರಕ್ಕೆ ಎಂಬತ್ತು ಬಂದರೆ ಜಿಲ್ಲೆ ಪಾಸು. ಈ ಮನೆ, ಅದರ ಹಿಂದಿನ ಜಾಗ ಕೊಳ್ಳುವುದು. ಪಟ್ಟಣದ ನಮ್ಮ ಮನೆ ಮಾರುವುದು. ನಾನು ಕೂತು ಓದುವ ಕಿಟಕಿ ಸಮೇತ. ‘ನೆರೆಮನೆ’ ಎಂಬ ಕಾಲಂ ಇದೆ — ದೂರವಿದ್ದಷ್ಟೂ ಅಂಕ ಹೆಚ್ಚು. ‘ಹೆಂಡತಿ’ ಎಂಬ ಕಾಲಂ ಇಲ್ಲ. ಹುಡುಕಿದೆ.

ಫೆಬ್ರವರಿ 4

ಪಕ್ಕದ ಮನೆಯವಳು ಕುಂಬಳಕಾಯಿ ಹೊತ್ತು ಬಂದಳು. ಈ ಮನೆಯ ಮಾಲೀಕನ ಸೊಸೆ.

“ಬಳ್ಳಿ ತುಂಬಾ ಬಿಟ್ಟಿದೆ ಅಕ್ಕ, ಇಟ್ಕೊಳ್ಳಿ.”

“ಬೇಡಮ್ಮ, ಪರೀಕ್ಷೆ ಕೆಡುತ್ತೆ,” ಎಂದರು ಇವರು.

“ಕುಂಬಳಕಾಯಿಗೆಂಥ ಪರೀಕ್ಷೆ ಯಜಮಾನ್ರೆ?” ಬಾವಿಗೆ ಬಗ್ಗಿ ನೋಡಿದಳು. “ಬಕೆಟ್ ಬಿತ್ತಾ? ಊರಿಗೆಲ್ಲ ಒಂದೇ ಪಾತಾಳಗರಡಿ. ಕೊನೇಲಿ ಯಾರದು ಬಿತ್ತೋ ಅವರ ಮನೇಲಿರುತ್ತೆ. ಈಗ ದರ್ಜಿ ಮನೇಲಿದೆ. ತರಿಸ್ಲಾ?”

ಪಾತಾಳಗರಡಿ! ಹಗ್ಗಕ್ಕೆ ಕಟ್ಟಿ ಇಳಿಸುವ ಕೊಕ್ಕೆಗಳ ಗೊಂಚಲು. ಬಿದ್ದದ್ದನ್ನು ಹುಡುಕಿ ಹಿಡಿಯುತ್ತದೆ. ಎಷ್ಟು ಚೆಂದದ ಹೆಸರು. ನಾನು ಬಾಯಿ ತೆರೆಯುವ ಮೊದಲೇ ಇವರು —

“ನಾಳೆ ಪ್ರಳಯ ಆದ್ರೆ ದರ್ಜಿ ಮನೆಗೆ ಹೋಗೋಕಾಗುತ್ತಾ? ನಾನೇ ತೆಗೀತೀನಿ.”

“ಪ್ರಳಯ ಆದ್ರೆ ಬಾವಿ ತುಂಬಿ ಬಕೆಟ್ ತಾನೇ ಮೇಲೆ ಬರುತ್ತೆ ಬಿಡಿ.”

ಕುಂಬಳಕಾಯಿ ಹೊತ್ತು ವಾಪಸ್ ಹೋದಳು. ನಾಚಿಕೆಯಾಯಿತು.

ಫೆಬ್ರವರಿ 7

ಛತ್ರಿ ಮುರಿದು, ಕಡ್ಡಿಗಳನ್ನು ಬಗ್ಗಿಸಿ ಸ್ವಂತ ಗರಡಿ ತಯಾರಿಸಿದರು. ಅದೂ ಬಿತ್ತು. ಎಲ್ಲಿ ಬಿತ್ತು ಎಂದು ನೋಡಲು ಬಗ್ಗಿದಾಗ ಜೇಬಿನ ಟಾರ್ಚ್ ಬಿತ್ತು. ಜಿಲ್ಲೆಯ ನೀರಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು; ಸಿಟ್ಟಿನಲ್ಲಿ ಆರಕ್ಕಿಳಿಸಿದರು. ನೀರೇನು ಮಾಡಿತ್ತು?

ಫೆಬ್ರವರಿ 8

ಹಿತ್ತಲ ಗೋಡೆಯ ಮೇಲಿಂದ ಕುಂಬಳಕಾಯಿಯ ಹೋಳು ಇಸಿದುಕೊಂಡೆ. “ಯಜಮಾನ್ರಿಗೆ ಹೇಳಲ್ಲ ಬಿಡಿ,” ಎಂದು ಕಣ್ಣು ಮಿಟುಕಿಸಿದಳು. ಮಧ್ಯಾಹ್ನ ಸಾರಿಗೆ ಹಾಕಿದೆ. ನಮ್ಮ ದಾಸ್ತಾನಿನಲ್ಲಿ ಇರುವುದು ಬರೀ ಬೇಳೆ, ಆಲೂಗಡ್ಡೆ.

“ಏನಿದು, ಸಿಹಿ ಸಿಹಿ?”

ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಗಾದೆ ಕಟ್ಟಿದವರು ಎಲ್ಲಾ ನೋಡಿಯೇ ಕಟ್ಟಿದ್ದಾರೆ.

“ಈ ಕಡೆ ಆಲೂಗಡ್ಡೆ ಹಾಗೇ ಇರಬೇಕು ಕಣ್ರೀ.”

ಮಣ್ಣಿಗೆ ಒಂದು ಅಂಕ ಜಾಸ್ತಿಯಾಯಿತು.

ಫೆಬ್ರವರಿ 16, ಸಂಜೆ

ಎರಡನೇ ಬಕೆಟ್ ಬಾವಿ ಸೇರಿದ್ದು ಮೊನ್ನೆ. ಕೊನೆಯದು ಈ ಬೆಳಿಗ್ಗೆ. ನಮಗಿಂತ ಬಾವಿಯೇ ಹೆಚ್ಚು ಸನ್ನದ್ಧವಾಗಿದೆ. ಇವರು ಚೊಂಬಿಗೆ ದಾರ ಕಟ್ಟಿ ಸ್ನಾನದ ನೀರು ಸೇದಲು ಕೂತರು. ಅರ್ಧ ಸ್ನಾನಕ್ಕೆ ಸುಸ್ತಾಗಿ ಮಲಗಿದರು.

ಚಪ್ಪಲಿ ಮೆಟ್ಟಿ ಹೊರಟೆ. ದರ್ಜಿಯ ಮನೆ ಹುಡುಕಿ, ಬಾಯಿಬಿಟ್ಟು ಕೇಳಿದೆ. ಕೇಳುವುದು ಇಷ್ಟು ಸಲೀಸೆಂದು ಮರೆತೇಹೋಗಿತ್ತು. ಗರಡಿ ಹಿಡಿದು ಬರುವಷ್ಟರಲ್ಲಿ ಬೆನ್ನ ಹಿಂದೆ ಅರ್ಧ ಬೀದಿ.

ಪಕ್ಕದ ಮನೆಯವಳು ಹಗ್ಗ ಹಿಡಿದಳು. ಮೊದಲು ಛತ್ರಿ ಬಂತು. ಆಮೇಲೆ ಬಕೆಟ್, ಒಳಗೆ ಟಾರ್ಚ್! ಅವಳ ಮಾವ ಕಟ್ಟೆಗೆ ಒರಗಿ, “ಏನಮ್ಮ ಇದು, ಬಾವಿನೋ ಅಂಗಡಿನೋ?” ಎಂದರು. ಗದ್ದಲಕ್ಕೆ ಇವರು ಎದ್ದು ಬಂದರು. ಮುಖ ಗಂಟು. ನಾನು ತಲೆ ಎತ್ತಲಿಲ್ಲ. ಒಂದು ನಿಮಿಷ, ಎರಡು ನಿಮಿಷ... ತಡೆಯಲಾಗಲಿಲ್ಲ ಪಾಪ.

“ಎಡಕ್ಕೆ ಕಣಮ್ಮ, ಎಡಕ್ಕೆ! ಸಿಕ್ತು, ಎಳೀರಿ!”

ಫೆಬ್ರವರಿ 17

ಇವರು ರಾತ್ರಿಯೆಲ್ಲ ಯೋಚಿಸಿ ಒಂದು ಕಾಲಂ ತಿದ್ದಿದ್ದಾರೆ. ನೆರೆಮನೆ — ಹತ್ತಿರವಿದ್ದಷ್ಟೂ ಅಂಕ ಹೆಚ್ಚು. ಕೂಡಿದರೆ ಎಂಬತ್ತೊಂದು.

ಪಾಸು.

ಇರಲಾರದೆ ಇರುವೆ ಬಿಟ್ಟುಕೊಂಡೆ. ಗರಡಿ ತರದಿದ್ದರೆ ಫೇಲಾಗಿ ವಾಪಸ್ ಹೋಗುತ್ತಿದ್ದೆವು. ಇವರು ಶಿಳ್ಳೆ ಹಾಕುತ್ತಾ ಹೋಗಿ ಮಾಲೀಕನನ್ನು ಕಂಡು ಬಂದರು. “ಮನೇಲಿ ಮಾತಾಡಿ ಹೇಳ್ತೀನಿ ಅಂದ್ರು.” ‘ನಿಮ್ಮ ಮನೆಯಲ್ಲಿ ಮಾತಾಡಿದ್ದೀರಾ’ ಎಂದು ಅವರು ಕೇಳಲಿಲ್ಲವೇ? ಕೇಳಿದರೆ ಇವರು ಏನು ಹೇಳಿಯಾರು?

ಫೆಬ್ರವರಿ 23

ಉತ್ತರವಿಲ್ಲ. ಇವರು ಅಂಗಳದಲ್ಲಿ ಅತ್ತಿಂದಿತ್ತ. ಪಟ್ಟಣದ ನಮ್ಮ ಮನೆ ಕೊಳ್ಳುತ್ತೇನೆಂದ ಒಬ್ಬ ಡಾಕ್ಟರದು ಫೋನ್ ಮೇಲೆ ಫೋನ್.

ಗರಡಿ ಈಗ ನಮ್ಮಲ್ಲಿ. ಹಾಗಾಗಿ ಜನ ಬರುತ್ತಾರೆ. ಶಾಲೆಯ ಟೀಚರ್ ಕೊಡ ಬೀಳಿಸಿಕೊಂಡು ಬಂದಳು. ಮಾತಾಡುತ್ತಾ ಕೂತು ಗರಡಿಯನ್ನೇ ಮರೆತು ಹೋದಳು. ಪಟ್ಟಣದಲ್ಲಿ ಎದುರು ಬಾಗಿಲಿನವರ ಮುಖ ನನಗಿನ್ನೂ ಸರಿಯಾಗಿ ಗೊತ್ತಿಲ್ಲ. ಇಂದು ನನ್ನ ಕಿಟಕಿ ನೆನಪಾದದ್ದು ಸಂಜೆಗೆ. ಪುಸ್ತಕ ಹಿಡಿದು ಇಲ್ಲಿಯ ಹೊಸ್ತಿಲಲ್ಲಿ ಕೂತು ನೋಡಿದೆ, ಓದು ಹತ್ತಲಿಲ್ಲ... ಇದ್ಯಾವುದನ್ನೂ ಇವರಿಗೆ ಹೇಳುವುದಿಲ್ಲ. ಇವರೂ ಕೇಳಿಲ್ಲ.

ಫೆಬ್ರವರಿ 26, ಬೆಳಿಗ್ಗೆ

ಈಗಷ್ಟೇ ಬಾಗಿಲು ತಟ್ಟಿದರು. ಪಕ್ಕದ ಮನೆಯವಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತಳು. ಇವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದರು.

“ಏನಂದ್ರು ಮಾವ?”

“ಬೇಜಾರು ಮಾಡ್ಕೋಬೇಡಿ ಯಜಮಾನ್ರೆ. ನಿಮಗೆ ಕೊಡಲ್ಲ ಅಂದ್ರು. ‘ಕಷ್ಟಕ್ಕೆ ಕೇಳೋಕೆ ಬರದವರು ನಾಳೆ ನಾವು ಕೇಳೋಕೆ ಹೋದ್ರೆ ಬಾಗಿಲು ತೆಗೀತಾರಾ?’ ಅಂದ್ರು.”

ಇವರ ಕೈ ಗುಂಡಿಯಲ್ಲೇ ನಿಂತಿತು. ಅವಳು ನನ್ನ ಕಡೆ ತಿರುಗಿದಳು.

“ಕೊಟ್ರೆ ಅಕ್ಕನ ಹೆಸರಿಗೆ ಕೊಡ್ತಾರಂತೆ. ಯಜಮಾನ್ರು ಇಷ್ಟ ಇದ್ರೆ ಅವರೂ ಬಂದು ಇರ್ಲಿ, ಪರವಾಗಿಲ್ಲ. ಆದ್ರೆ ಮೊದ್ಲು ಕೇಳ್ಕೊಂಡು ಬಾ ಅಂತ ಕಳಿಸಿದ್ದಾರೆ. ಈಗ ಹೇಳಿ ಅಕ್ಕ, ನಿಮಗೆ ಬೇಕಾ?”