ಭಾನುವಾರದ ಹೆಂಗಸು

ವಪಾಟೊ, ವಾಷಿಂಗ್ಟನ್
ಮಂಗಳವಾರ, ಫೆಬ್ರವರಿ 23, 1999

ಮುದ್ದಿನ ಮಗಳು ನೊಯೆಮಿಗೆ,

ಹೇಗಿದ್ದೀಯ ತಾಯಿ? ಮೀನು ಕೊಯ್ದು ಕೊಯ್ದು ಬೆರಳ ಗಿಣ್ಣುಗಳು ಊದಿಕೊಂಡಿವೆ ಎಂದು ಬರೆದಿದ್ದೆಯಲ್ಲ, ಈಗ ಇಳಿದಿದೆಯೇ? ಅಲಾಸ್ಕಾದ ಚಳಿಗೆ ರಬ್ಬರ್ ಕೈಗವಸಿನ ಒಳಗೆ ಉಣ್ಣೆಯದೂ ಹಾಕಿಕೋ ಎಂದರೆ ನೀನು ಕೇಳುವವಳಲ್ಲ. ಚಿಕ್ಕಂದಿನಿಂದಲೂ ನನ್ನ ಮಾತು ನಿನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುವುದೇ ಆಯಿತು. ನನ್ನ ಮಂಡಿ ಎಂದಿನಂತೆ ಹಿಮ ಬೀಳುವ ಸುದ್ದಿಯನ್ನು ರೇಡಿಯೋಗಿಂತ ಮುಂಚೆ ಹೇಳುತ್ತದೆ. ಸೇಬಿನ ಶೆಡ್ಡಿನಲ್ಲಿ ಈ ತಿಂಗಳು ಕೆಲಸ ಕಡಿಮೆ, ಮಧ್ಯಾಹ್ನಕ್ಕೇ ಮನೆಗೆ ಕಳಿಸುತ್ತಾರೆ. ನಿನ್ನ ಮಗಳು ಇತ್ಸೆಲ್ ಆರೋಗ್ಯವಾಗಿದ್ದಾಳೆ. ಮುಂದಿನ ಹಲ್ಲುಗಳು ಬಿದ್ದಿವೆ. ನಕ್ಕರೆ ಏಳು ವರ್ಷದವಳಿದ್ದಾಗ ನಿನ್ನ ಮುಖ ಹೇಗಿತ್ತೋ ಹಾಗೇ ಕಾಣುತ್ತಾಳೆ. ಆ ನಗು ಕಂಡಾಗಲೆಲ್ಲ ನನ್ನ ಜೀವ ನಿನ್ನ ಕಡೆಗೇ ಎಳೆಯುತ್ತದೆ.

ನಿನ್ನ ಕಾಗದ ಇವತ್ತು ಬಂತು. ಓದಿ, ಒಲೆಯ ಮೇಲಿನ ಕಾಳು ಸೀದು ಹೋಗುವವರೆಗೂ ಕುರ್ಚಿಯಲ್ಲಿ ಕೂತೇ ಇದ್ದೆ. ‘ಅಮ್ಮಾ, ಇನ್ಮೇಲೆ ಭಾನುವಾರ ಫೋನ್ ಮಾಡಲ್ಲ. ಅವಳಿಗೂ ಹಿಂಸೆ, ನನಗೂ ಹಿಂಸೆ. ಅವಳು ನನ್ನ ಮರ್ತೇ ಬಿಟ್ಟಿದಾಳೆ’ ಎಂದು ಬರೆದಿದ್ದೀಯ. ತಪ್ಪು ಅನ್ನಲಾರೆ. ವಾರವೆಲ್ಲ ಕಾದು, ಕಾರ್ಖಾನೆಯ ಆ ಒಂದೇ ಫೋನಿನ ಮುಂದೆ ಸಾಲು ನಿಂತು, ಕೊನೆಗೆ ಮಗಳ ದನಿ ಕೇಳುತ್ತದೆ ಅನ್ನುವಾಗ ಈ ಕಡೆಯಿಂದ ‘ಎಸ್’, ‘ಓಕೆ’, ‘ಬೈ’. ಅಷ್ಟು ಹೇಳಿ ರಿಸೀವರನ್ನು ನನ್ನ ಮಡಿಲಿಗೆ ಹಾಕಿ ಓಡುತ್ತಾಳೆ. ಏಪ್ರಿಲಿನಲ್ಲಿ ನೀನು ಬಂದು ಬಾಗಿಲಲ್ಲಿ ನಿಂತರೆ ಅವಳು ಹತ್ತಿರ ಬರುವುದಿಲ್ಲವೇನೋ ಎಂದು ನಿನಗೆ ಭಯ. ನನಗೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಫೋನ್ ನಿಲ್ಲಿಸುವ ಮುಂಚೆ ಈ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಓದು. ಸಿಟ್ಟು ಬರುತ್ತದೆ. ಬರಲಿ, ಅಷ್ಟು ದೂರದಿಂದ ನೀನು ನನ್ನನ್ನು ಏನು ಮಾಡಬಲ್ಲೆ.

ಅಕ್ಟೋಬರಿನಲ್ಲಿ ಮಗುವನ್ನು ಪರೀಕ್ಷೆ ಮಾಡಿದ ಹೆಂಗಸು ಹೇಳಿದ್ದು ನೆನಪಿದೆಯಲ್ಲ. ಇವಳಿಗೆ ಮಾತು ಕಲಿಯುವುದೇ ಕಷ್ಟ, ಎರಡೆರಡು ಭಾಷೆ ತಲೆಗೆ ಭಾರ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಇರಲಿ ಅಂದಳು. ನೀನು ಮನೆಯಲ್ಲಿದ್ದಷ್ಟು ದಿನ ನಿನ್ನ ಕೈಯಲ್ಲೂ ಅದು ಆಗಲಿಲ್ಲ. ಮುದ್ದಿಸುವುದು, ಗದರುವುದು ಎಲ್ಲ ನಮ್ಮ ಮಾತಿನಲ್ಲೇ. ಆದರೆ ಹೊರಡುವ ಬೆಳಿಗ್ಗೆ ನನ್ನ ಎರಡೂ ಕೈ ಹಿಡಿದು, ‘ಅಮ್ಮಾ, ಇವಳ ಹತ್ರ ಸ್ಪ್ಯಾನಿಷ್ ಆಡಲ್ಲ ಅಂತ ಆಣೆ ಮಾಡು. ನಾನೂ ಫೋನಲ್ಲಿ ಇಂಗ್ಲಿಷೇ ಆಡ್ತೀನಿ’ ಅಂದೆ. ಆಮೇಲೆ ವ್ಯಾನಿನ ಬಾಗಿಲಲ್ಲಿ ಬಗ್ಗಿ, ಅವಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದು, ದೇವರು ಕಾಯಲಿ ನನ್ನ ಕಂದ ಎಂದೆ. ಅವಳು ನಿನ್ನ ಬೆರಳಿಗೆ ಮುತ್ತಿಟ್ಟಳು. ನಮ್ಮ ಮಾತಿನಲ್ಲಿ ಅವಳು ನಿನ್ನಿಂದ ಕೇಳಿದ್ದು ಅದೇ ಕೊನೆ.

ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಈಟ್, ವಾಶ್, ಸ್ಲೀಪ್, ನೋ. ಇಷ್ಟು ವರ್ಷ ಈ ಕಣಿವೆಯಲ್ಲಿ ಸೇಬು ಆರಿಸಿದ್ದೇನೆ, ಸೇಬಿಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಮಗು ಶಾಲೆಯಿಂದ ಬಂದರೆ ಈಟ್. ಉಂಡರೆ ವಾಶ್. ಕತ್ತಲಾದರೆ ಸ್ಲೀಪ್. ಆಶೀರ್ವಾದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ತಿಳಿಯದೆ, ಮೂಕಿಯ ಹಾಗೆ ಬಾಯಿ ಮುಚ್ಚಿಕೊಂಡೇ ಅವಳ ಹಣೆಯ ಮೇಲೆ ಬೆರಳಾಡಿಸುತ್ತಿದ್ದೆ. ಅವಳು ಮೊದಲು ನನ್ನನ್ನು ಏನೇನೋ ಕೇಳುತ್ತಿದ್ದಳು, ನಾನು ‘ಗುಡ್, ಗುಡ್’ ಅನ್ನುತ್ತಿದ್ದೆ. ಬರಬರುತ್ತ ಕೇಳುವುದನ್ನೇ ಬಿಟ್ಟಳು. ಪಕ್ಕದ ಟ್ರೇಲರ್ ಮನೆಯ ಕ್ರೆಸೆನ್ಸಿಯಾ ಬಂದು, ‘ಏನ್ ಎಲೋದಿಯಾ, ಮನೇನ ಕನ್ಯಾಸ್ತ್ರೀಯರ ಮಠ ಮಾಡ್ಕೊಂಡ್ಯಾ?’ ಎಂದು ಕುಟುಕಿದಳು. ನಾನು ನಕ್ಕೆ. ಅವಳು ಹೋದ ಮೇಲೆ ಅತ್ತೆ. ನಿಮ್ಮಪ್ಪ ತೀರಿಕೊಂಡಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ ನೊಯೆಮಿ, ಆಗ ಅವರನ್ನು ಬೈದುಕೊಳ್ಳಲಾದರೂ ಮಾತಿತ್ತು. ಒಂದೇ ಮೇಜಿನ ಆಚೆ ಈಚೆ ಕೂತು, ಜೀವಕ್ಕೆ ಜೀವವಾದ ಮಗುವಿನ ಹತ್ತಿರ ಒಂದು ಸೊಲ್ಲು ಆಡಲಾಗದೆ, ಬೆಕ್ಕಿನ ಹತ್ತಿರ ಮನಸ್ಸು ಬಿಚ್ಚುತ್ತಿದ್ದೆ.

ನೀನು ಹೋದ ತಿಂಗಳ ಕೊನೆಗೆ ಶಾಲೆಯಿಂದ ಕರೆ ಬಂತು. ಮಾತಿನ ತೊಂದರೆ ಇರುವ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸಲು ಹೊಸ ಟೀಚರ್ ಬಂದಿದ್ದಾಳೆ, ಆರ್ಸೆಲಿಯಾ ಎಂದು. ನಮ್ಮವಳೇ. ಅವಳಪ್ಪನೂ ಇದೇ ತೋಟಗಳಲ್ಲಿ ಏಣಿ ಹತ್ತಿದವನು. ‘ದೋನ್ಯಾ ಎಲೋದಿಯಾ, ಮನೇಲಿ ಇವಳ ಹತ್ರ ಏನೇನ್ ಮಾತಾಡ್ತೀರಿ?’ ಅಂದಳು. ನಾನು ಜಂಬದಿಂದ ಈಟ್, ವಾಶ್, ಸ್ಲೀಪ್ ಎಂದು ಒಪ್ಪಿಸಿದೆ. ಅವಳು ನಗಲಿಲ್ಲ. ‘ಮಾತೇ ಕಡಿಮೆ ಇರೋ ಮಗೂ ಹತ್ರ ಇದ್ದ ಮಾತನ್ನೂ ಕಿತ್ಕೊಂಡ್ರೆ ಹೇಗೆ? ಒಂದು ಭಾಷೇಲಿ ಕತೆ ಹೇಳೋಕೆ ಬಂದ್ರೆ ಇನ್ನೊಂದಕ್ಕೂ ದಾರಿ ಆಗುತ್ತೆ. ಇಂಗ್ಲಿಷ್ ವ್ಯಾಕರಣ ನನಗೆ ಬಿಡಿ. ಕತೆ ನೀವು ಕೊಡಿ’ ಅಂದಳು. ನಾನು ಆಣೆಯ ವಿಷಯ ಹೇಳಿದೆ. ‘ಆ ಆಣೆ ಮುರಿದ ಪಾಪ ನನಗಿರಲಿ’ ಅಂದಳು. ಅಂಥವಳ ಮಾತು ಯಾರು ಮೀರುತ್ತಾರೆ?

ಅವತ್ತು ಸಂಜೆಯೇ ಇತ್ಸೆಲಳನ್ನು ಕೂರಿಸಿಕೊಂಡು ನಿನ್ನ ಮೇಕೆಯ ಕತೆ ಹೇಳಿದೆ. ಊರಲ್ಲಿ ಸಂತ ಅಂತೋನಿಯ ಹಬ್ಬಕ್ಕೆ ದನಕರು, ಕೋಳಿ, ನಾಯಿಗಳಿಗೆಲ್ಲ ರಿಬ್ಬನ್ ಕಟ್ಟಿ ಪಾದ್ರಿಯ ಮುಂದೆ ಸಾಲು ನಿಲ್ಲಿಸಿದ್ದಾಗ, ನಿನ್ನ ಮೇಕೆ ಹಗ್ಗ ಬಿಡಿಸಿಕೊಂಡು ಚರ್ಚಿನೊಳಗೆ ನುಗ್ಗಿ ಸಂತರ ಪಾದದ ಹೂವನ್ನೆಲ್ಲ ಮೇದದ್ದು, ನೀನು ಅದರ ಪರವಾಗಿ ಮೊಣಕಾಲೂರಿ ಕ್ಷಮೆ ಕೇಳಿದ್ದು. ಮಗು ನನ್ನನ್ನೇ ನೋಡುತ್ತಿತ್ತು, ನಾನು ಬಹಳ ದಿನ ಪರವೂರಿಗೆ ಹೋಗಿ ಈಗ ಬಂದಿದ್ದೇನೋ ಎಂಬಂತೆ. ಕತೆ ಮುಗಿದಾಗ, ‘ಅಜ್ಜಿ, ಇನ್ನೊಂದ್ಸಲ’ ಅಂದಳು. ಮೊದಲಿನಿಂದ ಮತ್ತೆ ಹೇಳಿದೆ.

ಆರ್ಸೆಲಿಯಾಳ ಕೋಣೆಯ ಪುಟ್ಟ ಕುರ್ಚಿಯಲ್ಲಿ ನಾನೂ ಒಂದು ದಿನ ಕೂತಿದ್ದೆ, ಏಳಲು ಇಬ್ಬರು ಬೇಕಾದರು. ಮಗು ಮೊದಲು ಕತೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ. ಆಗಿ ಹೋದದ್ದನ್ನು ಹೇಳುವಾಗ ಇಂಗ್ಲಿಷ್ ಮಾತಿಗೆ ಒಂದು ಸಣ್ಣ ಬಾಲ ಅಂಟಿಸಬೇಕಂತೆ. ನಿನ್ನ ಮಗಳು ಬಾಲ ಬಿಟ್ಟುಬಿಡುತ್ತಾಳೆ. ‘ದ ಗೋಟ್ ಜಂಪ್’ ಅನ್ನುತ್ತಾಳೆ. ಆರ್ಸೆಲಿಯಾ ಬೈಯುವುದಿಲ್ಲ, ತಪ್ಪು ಅನ್ನುವುದೂ ಇಲ್ಲ. ಸುಮ್ಮನೆ ಹೂಂಗುಟ್ಟಿದ ಹಾಗೆ, ‘ಹೌದಾ, ದ ಗೋಟ್ ಜಂಪ್ಡ್. ಆಮೇಲೆ?’ ಅನ್ನುತ್ತಾಳೆ. ಹೀಗೇ ಎಷ್ಟೋ ಸಲ, ಸ್ವಲ್ಪವೂ ಬೇಸರವಿಲ್ಲದೆ. ಒಂದು ದಿನ ಇತ್ಸೆಲ್ ಮೇಕೆ ಹೂವನ್ನು ‘ಈಟೆಡ್’ ಅಂದಳಂತೆ. ಅದು ತಪ್ಪಂತೆ, ಆದರೂ ಆ ಟೀಚರ್ ಗೇಟಿನವರೆಗೆ ಓಡಿ ಬಂದು ನನಗೆ ಹೇಳಿದಳು: ‘ಬಾಲ ಅಂಟಿಸಬೇಕು ಅಂತ ಅವಳಿಗೇ ಗೊತ್ತಾಗಿದೆ, ಅದಕ್ಕೇ ಬೇಡದ ಕಡೆನೂ ಅಂಟಿಸ್ತಿದಾಳೆ.’ ತಪ್ಪಿಗೆ ಇಷ್ಟು ಹಿಗ್ಗುವ ಶಾಲೆಯನ್ನು ನಾನು ಇಲ್ಲೇ ನೋಡಿದ್ದು.

ಇದನ್ನೆಲ್ಲ ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ನಿನ್ನ ಹಿಂದೆ ಸಾಲು ನಿಂತಿರುತ್ತದೆ. ಜಗಳ ಶುರುವಾದರೆ ರಾಜಿಯಾಗಲು ಹೊತ್ತಿರುವುದಿಲ್ಲ. ಈಗ ಮನೆಯಲ್ಲಿ ಮಾತಿದೆ. ತಡವರಿಸುತ್ತಾಳೆ, ಪದ ಸಿಗದೆ ಕಾಲು ಅಪ್ಪಳಿಸುತ್ತಾಳೆ, ಆದರೂ ಬಿಡುವುದಿಲ್ಲ. ನನಗೆ ಅರ್ಥವಾಗದಿರುವುದು ಒಂದೇ. ಬೆಕ್ಕಿಗೂ, ಕ್ರೆಸೆನ್ಸಿಯಾಳಿಗೂ ಕತೆ ಹೇಳುವ ಹುಡುಗಿ, ಭಾನುವಾರ ನಿನ್ನ ಫೋನ್ ಬಂದರೆ ಮತ್ತೆ ಕಲ್ಲಾಗುತ್ತಾಳೆ. ಇನ್ನೊಂದೆರಡು ವಾರ ತಾಳು ಎಂದಷ್ಟೇ ಕೇಳಬಲ್ಲೆ.

ಜಾರುವ ನೆಲದಲ್ಲಿ ನೋಡಿ ಹೆಜ್ಜೆ ಇಡು. ಹೊತ್ತಿಗೆ ಸರಿಯಾಗಿ ಉಣ್ಣು. ಕ್ರೆಸೆನ್ಸಿಯಾ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ನಿನ್ನ ಹಣೆ ನನ್ನ ಕೈಗೆ ಎಟುಕುವುದಿಲ್ಲ, ಅದಕ್ಕೆ ಈ ಕಾಗದದ ಮೇಲೆಯೇ ಶಿಲುಬೆ ಬರೆದು ಕಳಿಸುತ್ತಿದ್ದೇನೆ. ದೇವರೂ ಮಾತೆ ಮರಿಯಳೂ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಎಲೋದಿಯಾ

ಮತ್ತೆ, ಬುಧವಾರ ಬೆಳಿಗ್ಗೆ: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಇತ್ಸೆಲಳನ್ನು ಬಿಡಲು ಹೋದಾಗ ಆರ್ಸೆಲಿಯಾ ಗೇಟಿನಲ್ಲಿ ತಡೆದಳು. ಸೋಮವಾರ ಅವಳು ಮಕ್ಕಳನ್ನು ನಿನ್ನೆ ಏನಾಯಿತು ಎಂದು ಕೇಳಿದಳಂತೆ. ನಿನ್ನ ಮಗಳು ಎದ್ದು ನಿಂತು, ಯಾರ ಸಹಾಯವೂ ಇಲ್ಲದೆ, ಬಾಲ ಸಮೇತ ತನ್ನ ಮೊದಲ ಸರಿಯಾದ ವಾಕ್ಯ ಹೇಳಿದಳಂತೆ: ‘ದ ಲೇಡಿ ಕಾಲ್ಡ್.’ ಆ ಹೆಂಗಸು ಫೋನ್ ಮಾಡಿದಳು. ಆರ್ಸೆಲಿಯಾ ಹಿಗ್ಗಿ, ಯಾವ ಹೆಂಗಸು ಎಂದು ನಮ್ಮ ಮಾತಿನಲ್ಲಿ ಕೇಳಿದ್ದಾಳೆ. ‘ಭಾನುವಾರದ ಹೆಂಗಸು. ಇಂಗ್ಲಿಷ್ ಹೆಂಗಸು. ಬೈ ಅಂತಾಳೆ. ನಮ್ಮಮ್ಮ ಆದ್ರೆ ಆಶೀರ್ವಾದ ಮಾಡ್ತಾಳೆ. ನಮ್ಮಮ್ಮ ಇನ್ನೂ ಫೋನೇ ಮಾಡಿಲ್ಲ’ ಅಂದಳಂತೆ.

ಅವಳು ನಿನ್ನನ್ನು ಮರೆತಿಲ್ಲ ನೊಯೆಮಿ, ಕಾಯುತ್ತಿದ್ದಾಳೆ. ಅದು ನಿಮ್ಮಮ್ಮನೇ ಎಂದು ಆ ಮೊದಲ ಭಾನುವಾರಗಳಲ್ಲಿ ನಾನು ಹರಕು ಇಂಗ್ಲಿಷಿನಲ್ಲಿ ಹೇಳಿದ್ದು ಅವಳಿಗೆ ಮುಟ್ಟಿಲ್ಲ, ಈಗ ಹೇಳಿದರೆ ನಂಬುವುದಿಲ್ಲ. ಭಾನುವಾರ ಫೋನ್ ಮಾಡು. ಇಂಗ್ಲಿಷ್ ಬೇಡ. ಸಾಲಿನಲ್ಲಿ ನಿಂತವರು ಗೊಣಗಲಿ. ಮೊದಲು ಆಶೀರ್ವಾದ ಹೇಳು, ಆಮೇಲೆ ಮಿಕ್ಕ ಮಾತು. ನೀನು ಅಲ್ಲಿಂದ ಹೇಳುತ್ತಿರು, ಇಲ್ಲಿ ಅವಳ ಹಣೆಯ ಮೇಲೆ ಶಿಲುಬೆ ನಾನು ಬರೆಯುತ್ತೇನೆ.