ಹುಳಿಯ ಉಪ್ಪಿನ ತನಿಖಾ ವರದಿ

ಜೂನ್ 8, ಭಾನುವಾರ. ಬೆಳಗ್ಗೆ 9

ಸ್ವಸ್ತಿ ಸಮಸ್ತ ಹಿತ್ತಲಾಶ್ರಯ, ಪಡವಲಚಪ್ಪರವಲ್ಲಭ, ಮೂಷಕಕುಲಭಯಂಕರ, ಗಿಡ್ಡಮ್ಮನ ಹಾಲಿನ ಅರ್ಧಭಾಗಾಧೀಶ್ವರ, ಶ್ರೀಮನ್ಮಹಾಮಾರ್ಜಾಲ ದಿವಾನರು ಬಚ್ಚಲೊಲೆಯ ಬೂದಿಯ ಮೇಲೆ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರೆ — ಹಿತಾ ಎಂಬ ನಾನು, ಬಿ.ಕಾಂ. ಎರಡನೇ ವರ್ಷ, ಬಸಳೆ ಸೊಪ್ಪು ಬಿಡಿಸುತ್ತಿದ್ದೆ.

ದಿವಾನರು ಎಂದರೆ ಬೆಕ್ಕು. ಗಿಡ್ಡಮ್ಮ ತಂದುಕೊಡುವ ಹಾಲು ಈ ಮನೆಯಲ್ಲಿ ಇಬ್ಬರಿಗೇ — ದೇವರಿಗೆ, ದಿವಾನರಿಗೆ. ಅಮ್ಮನಿಗೆ ಹಾಲು ಮೊಸರು ಅಲರ್ಜಿ ಎಂದು ಡಾಕ್ಟರ್ ಹೇಳಿ ಎರಡು ವರ್ಷ. ಅಂದಿನಿಂದ ಅಜ್ಜಿ ಮಜ್ಜಿಗೆಹುಳಿಗೂ ತೆಂಗಿನಹಾಲು, ಪಾಯಸಕ್ಕೂ ತೆಂಗಿನಹಾಲು. "ಸೊಸೆ ಒಬ್ಬಳಿಗೇ ಯಾಕೆ ಬೇರೆ ಪಾತ್ರೆ? ಎಲ್ಲರೂ ಇದನ್ನೇ ಉಣ್ಣಲಿ." ಮಿಕ್ಕಿದ್ದೆಲ್ಲ ಹಿತ್ತಲಿಂದ.

ದೇವರಿಗೆ ಇಡುವ ತನಕ ಅಡುಗೆಯ ರುಚಿ ಯಾರೂ ನೋಡುವಂತಿಲ್ಲ. ಎಪ್ಪತ್ಮೂರು ವರ್ಷದ ನಮ್ಮ ಯದುಗಿರಿ ಅಜ್ಜಿ ಕುದಿಯುವ ಹುಳಿಯ ಹಬೆಗೆ ಮೂಗು ಒಡ್ಡಿ ಉಪ್ಪು ಸಾಕೋ ಬೇಕೋ ಹೇಳುತ್ತಾಳೆ. ಒಮ್ಮೆಯೂ ತಪ್ಪಿದ್ದಿಲ್ಲ.

"ಹಬೆಯಲ್ಲೇ ಗೊತ್ತಾಗತ್ತೆ ಕಣೇ. ನಾಲಗೆ ಇರೋದು ನಿನ್ನ ಹಾಗೆ ಹರಟೋಕೆ."

ಜೂನ್ 14, ಶನಿವಾರ. ಮಧ್ಯಾಹ್ನ 3

ಅರಸೀಕೆರೆಯಿಂದ ಅರುಣಾ ಅತ್ತೆ ಬಂದಿದ್ದರು. ಅಪ್ಪನ ಅಕ್ಕ. ಪಡವಲಕಾಯಿ ಹುಳಿ.

ಮೊದಲ ತುತ್ತು. ಅಪ್ಪ ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. "ಚೆನ್ನಾಗಿದೆ" ಎಂದರು. ತಾಲ್ಲೂಕು ಆಫೀಸಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು, ಏನನ್ನೂ ನುಂಗಬಲ್ಲರು.

ಅತ್ತೆ ಬಿಡಲಿಲ್ಲ. ಅಪ್ಪನ ಕಡೆ ತಿರುಗಿದರು. "ಏನು ಪಾರ್ಥ, ಬಾಯಿ ಸತ್ತಿದೆಯಾ? ಅಮ್ಮಾ, ಉಪ್ಪಿನ ಜಾಡಿಯನ್ನೇ ಬಗ್ಗಿಸಿದೀಯಲ್ಲ."

ಅಜ್ಜಿ ಬೆರಳ ತುದಿಯಲ್ಲಿ ನೆಕ್ಕಿ ನೋಡಿದಳು.

"ದೇವರಿಗೆ ಇದನ್ನೇ ಇಟ್ಟೆನಲ್ಲ."

ಅಷ್ಟೇ ಅಂದದ್ದು. ಕೈ ತೊಳೆದು ಕೋಣೆಗೆ ಹೋದಳು. ಊಟ ಮಾಡಲಿಲ್ಲ.

ಸಂಜೆ ಏಕಸದಸ್ಯ ತನಿಖಾ ಆಯೋಗ ನೇಮಕವಾಯಿತು. ಅಧ್ಯಕ್ಷೆ — ನಾನು. ಆರೋಪಿ — ಉಪ್ಪಿನ ಜಾಡಿಯ ಪಕ್ಕದಲ್ಲೇ ಮಲಗಿದ್ದ ದಿವಾನರು. ಹೇಳಿಕೆ ನೀಡಲು ನಿರಾಕರಿಸಿ ಕಿಟಕಿಯಿಂದ ಹೋದರು. ವಿಚಾರಣೆ ಮುಂದೂಡಲಾಗಿದೆ.

ಜೂನ್ 15, ಭಾನುವಾರ

ಅಜ್ಜಿ ಅಡುಗೆಮನೆಗೆ ಬರಲಿಲ್ಲ. ಅತ್ತೆ ಹೊರಡುವ ಮುಂಚೆ ಮೆಲ್ಲಗೆ ಹೇಳಿದರು. ಗದರಿದ್ದರೇ ವಾಸಿಯಿತ್ತು.

"ಮೂಗು ಹೋಗಿದೆ ಅಮ್ಮ ನಿಂಗೆ. ಇವತ್ತು ಉಪ್ಪಾಯ್ತು. ನಾಳೆ ಮನೇಲಿ ಯಾರೂ ಇಲ್ದಾಗ ಗ್ಯಾಸ್ ಸೋರಿದ್ರೆ ಹೇಗೆ ತಿಳಿಯತ್ತೆ? ನನ್ನ ಜೊತೆ ಬಂದಿರು. ಒಲೆ ಸಹವಾಸ ಸಾಕು."

ಅಮ್ಮ ಅಜ್ಜಿಗೆ, "ನೀವು ಹೋಗ್ಬೇಡಿ ಅಮ್ಮ, ಅಡುಗೆ ನಾನು ನೋಡ್ಕೋತೀನಿ" ಎಂದಳು. ಅದು ಇನ್ನೂ ಕೆಟ್ಟದಾಯಿತು.

ಅಜ್ಜಿ "ಆಗಲಿ" ಎಂದಳು. ಅತ್ತೆಗೆ. ಜಗಳವಾಡದೆ ಅಜ್ಜಿ ಯಾವುದಕ್ಕೂ ಆಗಲಿ ಎಂದದ್ದು ನಾನು ಕಂಡಿಲ್ಲ. ಅತ್ತೆಯದು ಎರಡನೇ ಮಹಡಿಯ ಬಾಡಿಗೆ ಮನೆ. ಮಣ್ಣಿಲ್ಲ. ಮುಂದಿನ ಭಾನುವಾರ ಕರೆದೊಯ್ಯಲು ಬರುತ್ತಾರೆ.

ಜೂನ್ 19, ಗುರುವಾರ

ಅಮ್ಮ ಏಳೂವರೆಯ ಬಸ್ಸಿಗೆ ಹಳೇಬೀಡಿನ ಶಾಲೆಗೆ ಹೋಗುತ್ತಾಳೆ. ಅಡುಗೆ ನನ್ನದು. ನಾಲ್ಕು ದಿನದಿಂದ ಚಿತ್ರಾನ್ನ.

ಗಿಡ್ಡಮ್ಮ ಹಾಲು ಇಟ್ಟು ಹಿತ್ತಲ ಕಡೆ ನೋಡಿದಳು. "ಅಜ್ಜಮ್ಮೋರು ಈ ಕಡೀಕೇ ಬರಾಕಿಲ್ವಲ್ಲ ಹಿತಮ್ಮ. ಪಡವಲಕಾಯಿ ಬಲಿತು ಹಣ್ಣಾಯ್ತಾ ಐತೆ. ಕಿತ್ಕೊಡ್ಲಾ?"

"ಬೇಡ. ಅಜ್ಜಿನೇ ಕೀಳ್ಲಿ."

"ಅವ್ರು ಊರಿಗ್ ಹೋಯ್ತಾರಂತಲ್ಲ."

ಹಾಲು ಎತ್ತಿಕೊಂಡು ಒಳಗೆ ಬಂದೆ.

ಮಧ್ಯಾಹ್ನ ಆಯೋಗ ವೈಜ್ಞಾನಿಕ ಪರೀಕ್ಷೆ ನಡೆಸಿತು. ಅಜ್ಜಿಯನ್ನು ಹಿತ್ತಲ ಮೆಟ್ಟಿಲಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದೆ. ಒಂದೊಂದಾಗಿ ಮೂಗಿನ ಹತ್ತಿರ ಹಿಡಿದೆ. ದೊಡ್ಡಪತ್ರೆ — ಸರಿ. ಇಂಗು — ಸರಿ. ಹುರಿದ ಮೆಂತ್ಯ — "ಸೀದಿದೆ, ಯಾರು ಹುರಿದದ್ದು?" ಕೊನೆಯದು — "ಥೂ, ನಿಮ್ಮಪ್ಪನ ಕಾಲುಚೀಲ."

"ನೋಡಿದ್ಯಾ? ಮೂಗು ಸರಿಯಾಗೇ ಇದೆ. ಅವತ್ತಿನದು ನಿನ್ನ ತಪ್ಪಲ್ಲ ಅಜ್ಜಿ."

ಕಣ್ಣು ತೆರೆದಳು. ನಗಲಿಲ್ಲ. "ನಿನ್ನ ಮಾತು ನಂಬಲಾ? ಸಕ್ಕರೆ ಡಬ್ಬಿಗೆ ರವೆ ತುಂಬಿಟ್ಟವಳು ನೀನು. ನನ್ನ ಸಮಾಧಾನಕ್ಕೆ ಏನು ಬೇಕಾದ್ರೂ ಹೇಳ್ತೀಯ. ಐವತ್ತು ವರ್ಷ ಆ ಹಬೆ ನಂಬಿದ್ದೆ ಕಣೇ. ಅದೂ ಹೋಯ್ತು."

ಆಯೋಗದ ಅಂತಿಮ ವರದಿ: ದಿವಾನರು ನಿರ್ದೋಷಿ. ಅಜ್ಜಿಯ ಮೂಗು ನಿರ್ದೋಷಿ. ಹುಳಿ ಇಳಿಸಿ ಅಜ್ಜಿ ತುಳಸಿ ಕೊಯ್ಯಲು ಹೋದಾಗ ಅದಕ್ಕೆ ಒಂದು ಹಿಡಿ ಉಪ್ಪು ಹಾಕಿ ಕದಡಿದ್ದು ಆಯೋಗದ ಅಧ್ಯಕ್ಷೆ. ಉದ್ದೇಶ — ಅತ್ತೆಯ ಮುಖ ನೋಡುವುದು. ಅದು ಮೊದಲು ದೇವರ ಮುಂದೆ ಹೋಗುತ್ತದೆ ಎಂಬುದು ಹೊಳೆಯಲಿಲ್ಲ. ಅಜ್ಜಿ ತನ್ನನ್ನೇ ಅನುಮಾನಿಸಿಕೊಳ್ಳುತ್ತಾಳೆ ಎಂಬುದಂತೂ...

ಹೇಳಬೇಕು. ಶನಿವಾರದೊಳಗೆ.

ಜೂನ್ 22, ಭಾನುವಾರ. ಬೆಳಗ್ಗೆ 10

ಹೇಳಿದೆ.

ಅಜ್ಜಿ ಸೀರೆ ಮಡಿಸುತ್ತಿದ್ದಳು. ಬಾಗಿಲಲ್ಲಿ ನಿಂತೇ ಹೇಳಿದೆ. "ಅಜ್ಜಿ, ಆ ಉಪ್ಪು ಹಾಕಿದ್ದು ನಾನು."

ತಿರುಗಿ ನೋಡಿದಳು. "ದೇವರಿಗೆ ಇಡೋದು ಅಂತ ಗೊತ್ತಿತ್ತಾ?"

"ಹೊಳೀಲಿಲ್ಲ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಮಡಿಸಿದ ಸೀರೆ ಕೆಳಗಿಟ್ಟು ನೇರ ಅಡುಗೆಮನೆಗೆ ನಡೆದಳು. ಒಲೆ ಹಚ್ಚಿದಳು. ಬೇಳೆ ಕುದಿಯಿತು. ಬಗ್ಗಿ ಹಬೆಗೆ ಮೂಗು ಒಡ್ಡಿದಳು, ಎಂದಿನ ಹಾಗೆ. ಆಮೇಲೆ ಹೊರಗೆ ಕೂಗಿದಳು. "ಅರುಣಾ, ಕೈಕಾಲು ತೊಳ್ಕೊಂಡು ಬಾ. ಊಟ ಮಾಡಿ ನೀನೊಬ್ಬಳೇ ಹೋಗು."

10.20

ಮೇಲಿನದು ನಡೆದಿಲ್ಲ.

ಬಾಗಿಲಲ್ಲಿ ನಿಂತದ್ದು ನಿಜ. "ಅಜ್ಜಿ" ಎಂದದ್ದೂ ನಿಜ. "ಏನೇ?" ಎಂದಳು. "ಬ್ಯಾಗು ನಾನು ಎತ್ಕೋತೀನಿ" ಎಂದೆ.

ಬ್ಯಾಗು ಇಲ್ಲೇ, ನನ್ನ ಕಾಲ ಬಳಿ. ಹಗುರ ಇದೆ. ಹೊರಗೆ ಆಟೋ ಬಂದು ನಿಂತಿದೆ. ಅತ್ತೆ ಕೂತಾಯಿತು. ಅಜ್ಜಿ ಇನ್ನೂ ಹೊಸ್ತಿಲಲ್ಲಿ, ಚಪ್ಪಲಿ ಮೆಟ್ಟುತ್ತಿದ್ದಾಳೆ.

"ಹಿತಾ, ಬ್ಯಾಗು ತಾರೇ."

ಹೋಗುತ್ತಿದ್ದೇನೆ. ಬ್ಯಾಗು ಅವಳ ಕೈಗೆ ಕೊಡುವ ಮೊದಲು ಹೇಳಬೇಕು.